ತವರಿನ ಮೀನು

ಹುತಾ ನಾಮೊರಾ, ಸಮೊಸಿರ್ ದ್ವೀಪ
12 ಫೆಬ್ರುವರಿ 2012

ಲಮ್ರಿಯಾ, ನನ್ನ ತಾಯೀ, ಹೊರಾಸ್!

ಕೆಟ್ಟ ಸುದ್ದಿಯನ್ನು ಮೊದಲು ಹೇಳಿಬಿಡುತ್ತೇನೆ, ಆಮೇಲೆ ಆರಾಮಾಗಿ ಹರಟೋಣ. ನಿನ್ನ ಅಮ್ಮ ಗಣಿತದಲ್ಲಿ ಫೇಲ್.

ಮುಕ್ತ ವಿಶ್ವವಿದ್ಯಾಲಯದ ಫಲಿತಾಂಶ ನಿನ್ನೆ ಬಂತು. ಉಳಿದದ್ದೆಲ್ಲ ಪಾಸು. ಮಕ್ಕಳಿಗೆ ಓದು ಕಲಿಸುವ ಪತ್ರಿಕೆಯಲ್ಲಂತೂ ಎಲ್ಲರಿಗಿಂತ ಮೇಲಿನ ದರ್ಜೆ. ಗಣಿತವೊಂದು ಕೈಕೊಟ್ಟಿತು. ಅದರಲ್ಲೂ ಈ ಸಂಭವನೀಯತೆ ಎಂಬ ಮಾರಿ! ಚೀಲದಿಂದ ಕೆಂಪು ಗೋಲಿ ಬರುವ ಸಂಭವವೆಷ್ಟು, ನೀಲಿ ಗೋಲಿ ಬರುವ ಸಂಭವವೆಷ್ಟು ಎಂದು ಕೇಳುತ್ತಾರೆ. ಕೈ ಹಾಕಿ ನೋಡಿದರೆ ಗೊತ್ತಾಗುವುದಿಲ್ಲವೇ? ನಿಮ್ಮಪ್ಪ ಸುದ್ದಿ ಕೇಳಿ, "ಸದ್ಯ, ಮನೇಲಿ ನಾನೊಬ್ನೇ ದಡ್ಡ ಅಂದ್ಕೊಂಡಿದ್ದೆ, ಜೊತೆ ಸಿಕ್ತು" ಎಂದರು. ನಿನ್ನೆಯ ಊಟಕ್ಕೆ ಅವರಿಗೆ ಬರೀ ಅನ್ನ ಬಡಿಸಿದೆ.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ಸಿಗ್ನಲ್ ಸಿಗುವುದು ಅಜ್ಜನ ಸಮಾಧಿಯ ಗುಡ್ಡದ ಮೇಲೆ ಮಾತ್ರ. ಅಜ್ಜನ ಮುಂದೆ ನಿಂತು "ನಾನು ಫೇಲ್" ಎಂದು ಕೂಗಲು ನನಗೆ ಮನಸ್ಸಾಗಲಿಲ್ಲ.

ಈಗ ಕೇಳು. ಈ ವಯಸ್ಸಿನಲ್ಲಿ ನನಗೇಕೆ ಡಿಗ್ರಿಯ ಹುಚ್ಚು ಎಂದು ನೀನು ಎಷ್ಟೋ ಸಲ ಕೇಳಿದ್ದೀಯ. ನಾನು ಕಾನೂನಿನ ಮಾತು ಹೇಳಿ ತಪ್ಪಿಸಿಕೊಂಡಿದ್ದೇನೆ. ಟೀಚರಿಗೆ ಡಿಗ್ರಿ ಇರಲೇಬೇಕೆಂಬ ಕಾನೂನಿರುವುದು ನಿಜವೇ. ಮೇ ಪರೀಕ್ಷೆಯಲ್ಲೂ ನಾನು ಪಾಸಾಗದಿದ್ದರೆ ಜುಲೈಯಿಂದ ನನ್ನ ಮೂರನೇ ಕ್ಲಾಸನ್ನು ಡಿಗ್ರಿಯಿರುವ ಹೊಸ ಹುಡುಗಿಗೆ ಕೊಡುತ್ತಾರಂತೆ. ಹೆಡ್‌ಮಾಸ್ತರರು ಮುಖ ನೋಡದೆಯೇ ಹೇಳಿದರು, ಪಾಪ.

ಆದರೆ ಶುರುವಾದದ್ದು ಅದರಿಂದಲ್ಲ. ನಿನ್ನ ತುಂಪಾಲ್ ಮಾವನ ಮಗಳು ರಿಯಾಮಾ ನನ್ನ ಕ್ಲಾಸಿನಲ್ಲಿದ್ದಳಲ್ಲ? ಮಗುವಿಗೆ ಒಂದು ಸಾಲು ಓದಲು ಬರುತ್ತಿರಲಿಲ್ಲ. ಇನ್ನೊಂದು ವರ್ಷ ಇರಲಿ ಎಂದು ಮೂರರಲ್ಲೇ ಉಳಿಸಿದೆ. ತವರಿನ ಮಗುವನ್ನು! ನಮ್ಮಲ್ಲಿ ತವರೆಂದರೆ ಏನೆಂದು ನಿನಗೆ ಹೇಳಬೇಕೇ? ಅವರು ಹರಸುವವರು, ನಾವು ತಲೆಬಾಗುವವರು. ಚಿಕ್ಕಂದಿನಲ್ಲಿ ತಮ್ಮ ತುಂಪಾಲನ ಮೂಗೊರೆಸಿದವಳು ನಾನೇ ಆದರೂ, ಅಪ್ಪ ಅಮ್ಮ ಹೋದ ಮೇಲೆ ಅವನೇ ನನ್ನ ತವರು. ಅವನು ಶಾಲೆಯ ಬಾಗಿಲಿಗೇ ಬಂದು ಮಕ್ಕಳೆದುರು ಕೂಗಿದ: "ಡಿಗ್ರಿ ಇಲ್ದಿರೋ ಟೀಚರು ನನ್ನ ಮಗಳನ್ನ ಫೇಲ್ ಮಾಡ್ತಾಳಂತೆ! ಮೊದ್ಲು ನೀನು ಪಾಸಾಗಿ ಬಾ!"

ಮಗಳನ್ನು ಬಿಡಿಸಿ ಪಕ್ಕದ ಕೊಲ್ಲಿಯ ಶಾಲೆಗೆ ಹಾಕಿದ. ಅಲ್ಲಿ ನಾಲ್ಕಕ್ಕೆ ಹತ್ತಿಸಿಕೊಂಡರು. ಮರುವಾರವೇ ನಾನು ವಿಶ್ವವಿದ್ಯಾಲಯಕ್ಕೆ ಹೆಸರು ಬರೆಸಿದೆ. ಅವತ್ತಿನಿಂದ ಜನರನ್ನು ಸರೋವರ ದಾಟಿಸುವ ಅವನ ದೋಣಿ ಹತ್ತಿಲ್ಲ. ಸಿಯಾಂತಾರಿಗೆ ಪರೀಕ್ಷೆಗೆ ಹೋಗಬೇಕಾದರೆ ಬಸ್ಸಿನಲ್ಲಿ ದ್ವೀಪದ ಸೇತುವೆ ದಾಟಿ, ಸರೋವರವನ್ನೇ ಸುತ್ತಿ, ಬೆನ್ನು ಮುರಿದುಕೊಂಡು ಹೋಗುತ್ತೇನೆ. ಹಟವೆಂದರೆ ಹಟ.

ನಿನಗೆ ಗಣಿತ ಬರುತ್ತದೆ. ಈ ಗೋಲಿಗಳ ಕಥೆಯೇನೆಂದು ನನ್ನಂಥವಳಿಗೆ ತಿಳಿಯುವ ಹಾಗೆ ಬರೆ.

ಗಣಿತದಲ್ಲಿ ಫೇಲಾದ,
ನಿನ್ನ ಅಮ್ಮ

* * *

ಮೆಡಾನ್
24 ಫೆಬ್ರುವರಿ 2012

ಅಮ್ಮಾ,

ನಗಬಾರದೆಂದುಕೊಂಡೆ, ಆಗಲಿಲ್ಲ. ನಿನ್ನ ಪತ್ರವನ್ನು ಅಂಗಡಿಯಲ್ಲೇ ಓದಿ ನಕ್ಕಿದ್ದಕ್ಕೆ ಗಿರಾಕಿಯೊಬ್ಬರು ತಮ್ಮ ಹೊಸ ಕನ್ನಡಕ ನೋಡಿ ನಗುತ್ತಿದ್ದೇನೆಂದು ಸಿಟ್ಟಾದರು. ಅಂಗಡಿಯ ಯಜಮಾನರು ನಿನ್ನ ಲೆಕ್ಕಕ್ಕೆ ನನ್ನನ್ನು ಬೈದರು.

ಇದರ ಜೊತೆ ಒಂದು ಕನ್ನಡಕ ಕಳಿಸಿದ್ದೇನೆ. ಕಳೆದ ಸಲ ಬಂದಾಗ ನೀನು ಪುಸ್ತಕವನ್ನು ತೋಳುದ್ದ ದೂರ ಹಿಡಿದು ಓದುತ್ತಿದ್ದುದನ್ನು ನೋಡಿದ್ದೆ. ಯಾರಿಗೆ ಗೊತ್ತು, ನಿನ್ನ ಬುದ್ಧಿ ಪಾಸಾಗಿ ಕಣ್ಣು ಮಾತ್ರ ಫೇಲಾಗಿರಬಹುದು.

ಇನ್ನು ಗಣಿತ. ಗೋಲಿ ಮರೆತುಬಿಡು. ಪೇಟೆಯಿಂದ ಎರಡು ದಾಳ ತರಿಸು. ಒಟ್ಟಿಗೆ ಉರುಳಿಸಿ, ಎರಡರ ಮೊತ್ತ ಎಷ್ಟು ಬಂತೆಂದು ಹಾಳೆಯಲ್ಲಿ ಗೀಟು ಹಾಕುತ್ತಾ ಹೋಗು. ಬೇಜಾರಾಗುವವರೆಗೆ ಉರುಳಿಸು, ಬೇಜಾರಾದ ಮೇಲೂ ಉರುಳಿಸು. ಯಾವ ಮೊತ್ತ ಎಲ್ಲಕ್ಕಿಂತ ಹೆಚ್ಚು ಸಲ ಬರುತ್ತದೆ, ಅದೇ ಯಾಕೆ ಬರುತ್ತದೆ? ಉತ್ತರ ನಾನು ಹೇಳುವುದಿಲ್ಲ. ನೀನೇ ಹೇಳಬೇಕು. ನೀನು ಟೀಚರಾಗಿ ನನಗೆ ಹೀಗೇ ಕಾಟ ಕೊಟ್ಟವಳಲ್ಲವೇ? ಈಗ ನನ್ನ ಸರದಿ.

ಮಾವನ ವಿಷಯ ನನಗೆ ಇಷ್ಟು ಗೊತ್ತಿರಲಿಲ್ಲ. ಈಗೊಂದು ವಿಷಯ ಕೇಳುತ್ತೇನೆ, ಸಿಟ್ಟಾಗಬೇಡ. ಮಾವನ ನೆನಪಾಗುತ್ತದೆಯಾ ನಿನಗೆ?

ನಿನ್ನ ಗಣಿತದ ಮೇಷ್ಟ್ರು,
ಲಮ್ರಿಯಾ

* * *

ಹುತಾ ನಾಮೊರಾ
20 ಮಾರ್ಚ್ 2012

ಮೇಷ್ಟ್ರೇ, ಹೊರಾಸ್!

ಕನ್ನಡಕ ಬಂತು. ಹಾಕಿಕೊಂಡು ನೋಡಿದರೆ, ಅಯ್ಯೋ, ಮನೆಯಲ್ಲಿ ಎಷ್ಟು ಜೇಡರ ಬಲೆ! ಎರಡು ದಿನ ಗುಡಿಸಿದ್ದಾಯಿತು. ನಿಮ್ಮಪ್ಪನಿಗೂ ಇಷ್ಟು ವಯಸ್ಸಾಗಿದೆಯೆಂದು ನನಗೆ ಗೊತ್ತಿರಲಿಲ್ಲ.

ದಾಳ ತಂದೆವು. ನಾನು ಉರುಳಿಸುವುದು, ನಿಮ್ಮಪ್ಪ ಗೀಟು ಹಾಕುವುದು. ಸಂಜೆ ಶಾಲೆಯಿಂದ ಬಂದ ಕೂಡಲೇ ಜಗಲಿಯಲ್ಲಿ ಕೂತರೆ ಒಲೆ ಹಚ್ಚುವುದೂ ಮರೆಯುತ್ತಿತ್ತು. "ಏಳು! ಏಳು ಬೀಳ್ಲಿ!" ಎಂದು ಇವರು ಕೂಗುವುದು ರಸ್ತೆಯವರೆಗೆ ಕೇಳುತ್ತಿತ್ತಂತೆ. ನಾಲ್ಕನೇ ದಿನ ಚರ್ಚಿನ ಹಿರಿಯರು ಕೈಯಲ್ಲಿ ಹಾಡಿನ ಪುಸ್ತಕ ಹಿಡಿದುಕೊಂಡು ಬಂದರು. ಮುಖ ಸಾವಿನ ಮನೆಗೆ ಬಂದ ಹಾಗೆ.

"ಟೀಚರಮ್ಮ, ಊರಲ್ಲಿ ಮಾತು ಕೇಳಿಬಂತು. ಜೂಜು ಅಂದ್ರೆ ಸಣ್ಣದಾಗೇ ಶುರುವಾಗೋದು. ಬನ್ನಿ, ಪ್ರಾರ್ಥನೆ ಮಾಡೋಣ."

"ಜೂಜಲ್ಲ ಹಿರಿಯರೇ, ಸರ್ಕಾರದ ಪಾಠ."

"ಸರ್ಕಾರ ದಾಳ ಉರುಳಿಸು ಅಂತ ಹೇಳುತ್ತಾ?"

ಪುಸ್ತಕ ತೆಗೆದು ತೋರಿಸಿದೆ. ದಾಳದ ಚಿತ್ರವೇ ಇತ್ತು. ಅವರು ಓದಿದರು, ತಲೆ ಕೆರೆದುಕೊಂಡರು, ಕೂತರು. "ಹಾಗಾದ್ರೆ ನಾನೊಂದ್ಸಲ ಉರುಳಿಸ್ಲಾ? ಪಾಠಕ್ಕೋಸ್ಕರ" ಎಂದರು. ಅವರು ಎದ್ದು ಹೊರಡುವ ಹೊತ್ತಿಗೆ ಕತ್ತಲಾಗಿತ್ತು. ಪ್ರಾರ್ಥನೆ ಯಾರಿಗೂ ನೆನಪಾಗಲಿಲ್ಲ.

ಮೇಷ್ಟ್ರೇ, ಉತ್ತರ ಸಿಕ್ಕಿತು. ಏಳು! ಎರಡು ಬರಬೇಕಾದರೆ ಒಂದೇ ದಾರಿ, ಒಂದು ಮತ್ತು ಒಂದು. ಏಳಕ್ಕೆ ಎಷ್ಟೊಂದು ದಾರಿ! ಒಂದು ಆರು, ಎರಡು ಐದು, ಮೂರು ನಾಲ್ಕು, ಮತ್ತೆ ಅವೇ ತಿರುಗುಮುರುಗು. ದಾರಿ ಹೆಚ್ಚಿದ್ದಷ್ಟೂ ಬರುವ ಸಂಭವ ಹೆಚ್ಚು, ಅಷ್ಟೇ ತಾನೇ? ಇದನ್ನು ಆ ಪುಸ್ತಕದವರು ಇಷ್ಟು ಸರಳವಾಗಿ ಹೇಳಬಾರದಿತ್ತೇ? ಕಂಡುಹಿಡಿದ ದಿನ ನಾನು ಅಂಗಳದಲ್ಲಿ ಕುಣಿದೆ. ಕೋಳಿಗಳು ಓಡಿಹೋದವು.

ಇನ್ನೊಂದು ಖುಷಿಯಿದೆ. ಓದು ಕಲಿಸುವ ಪಾಠದಲ್ಲಿ ಹೇಳಿದ ಹಾಗೆ ಮಗುವಿನ ಬಾಯಿಂದ ಬಂದ ಮಾತನ್ನೇ ಮನೆಮಾತಿನಲ್ಲಿ ಬರೆದು ಅದನ್ನೇ ಅವರಿಂದ ಓದಿಸುತ್ತಿದ್ದೇನೆ. ಪುಸ್ತಕದ ಸಾಲೆಂದರೆ ಬಾಯಿ ಕಟ್ಟಿದಂತೆ ಕೂರುತ್ತಿದ್ದವರು ಈಗ "ನಮ್ಮ ಹಂದಿ ಮರಿ ಹಾಕಿತು" ಎಂದು ಗಂಟಲು ಹರಿಯುವ ಹಾಗೆ ಓದುತ್ತಾರೆ. ಇಷ್ಟು ವರ್ಷ ಕ್ಲಾಸಿನಲ್ಲಿ ನಿಂತವಳಿಗೆ ಇದು ಹೊಳೆದಿರಲಿಲ್ಲ ನೋಡು. ಈ ಓದಿಗೆ ಹೋದದ್ದು ಹಟಕ್ಕೆ. ಈಗ ರುಚಿ ಹತ್ತಿಬಿಟ್ಟಿದೆ.

ನಿನ್ನ ಪ್ರಶ್ನೆಗೆ ಉತ್ತರ. ನೀನು ಮೆಡಾನಿಗೆ ಹೊರಟ ದಿನ ನಾವು ನಿನಗೆ ಹಳದಿ ಮೀನು ಬಡಿಸಿದೆವಲ್ಲ, ಇಡೀ ಮೀನು, ತಲೆ ನಿನ್ನ ಕಡೆಗೆ ಮಾಡಿ? ಒಳ್ಳೆಯ ಕೆಲಸಕ್ಕೆ ಹೊರಡುವವರಿಗೂ ಗೆದ್ದು ಬಂದವರಿಗೂ ಹೆತ್ತವರು ಕೊಡುವ ಮೀನು. ನನ್ನ ಹೆತ್ತವರಿಲ್ಲ. ಕೊಡಬೇಕಾದವನು ತುಂಪಾಲ. ಡಿಸೆಂಬರ್ ಪರೀಕ್ಷೆಗೆ ಹೊರಟಾಗ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದೆ. ಬಸ್ಸಿಗೆ ಕಾಯುತ್ತಿದ್ದೇನೆಂದು ನಿಮ್ಮಪ್ಪನಿಗೆ ಹೇಳಿದೆ. ಹೂಂ, ನೆನಪಾಗುತ್ತದೆ.

ಏಳರ ಗುಟ್ಟು ಬಲ್ಲ,
ಅಮ್ಮ

* * *

ಮೆಡಾನ್
3 ಮೇ 2012

ಅಮ್ಮಾ,

ಬಸ್ಸು ಹೊರಡುವುದರಲ್ಲಿದೆ, ಎರಡೇ ಸಾಲು. ಡಬ್ಬಿಯಲ್ಲಿರುವುದು ಮೀನು! ನಾನೇ ಮಾಡಿದ್ದು. ನಮ್ಮ ಮನೆಯೊಡತಿ ಜಾವಾದವರು, ಅವರಿಗೆ ನಮ್ಮ ಅಡುಗೆ ಗೊತ್ತಿಲ್ಲ. ನೆನಪಿದ್ದ ಹಾಗೆ ಅರಿಶಿನ ಎಲ್ಲ ಹಾಕಿದೆ. ಜುಮ್ಮನಕಾಯಿ ಇಲ್ಲಿ ಸಿಗಲಿಲ್ಲ, ಕಾಳುಮೆಣಸು ಹಾಕಿದ್ದೇನೆ. ಯಾರೂ ಕೊಡದಿದ್ದರೆ ಏನಾಯಿತು, ನಾನಿಲ್ಲವೇ? ಡ್ರೈವರಿಗೆ ಹೇಳಿದ್ದೇನೆ, ಅವರು ದಡದಲ್ಲಿ ಯಾವುದಾದರೂ ದೋಣಿಗೆ ಕೊಡುತ್ತಾರೆ. ತಿಂದು ಪರೀಕ್ಷೆಗೆ ಹೋಗು, ಗೆದ್ದು ಬಾ.

ನಿನ್ನ ಮಗಳು,
ಲಮ್ರಿಯಾ

* * *

ಹುತಾ ನಾಮೊರಾ
6 ಮೇ 2012

ಲಮ್ರಿಯಾ!

ಏನೇ ಮಾಡಿದೆ ನೀನು! ಮಗಳು ತಾಯಿಗೆ ಮೀನು ಕೊಡುವುದು ಎಲ್ಲಾದರೂ ಉಂಟೇ? ಮೇಲಿನವರು ಕೆಳಗಿನವರಿಗೆ ಕೊಡುವ ಮೀನದು. ನಾಲ್ಕು ವರ್ಷ ಪಟ್ಟಣದಲ್ಲಿದ್ದದ್ದಕ್ಕೇ ಇಷ್ಟು ಮರೆತೆಯಾ? ಹೋಗಲಿ, ಮರೆತೆ. ಆದರೆ ಆ ಡ್ರೈವರ್ ಮಹಾಶಯ ಡಬ್ಬಿಯನ್ನು ಯಾವ ದೋಣಿಗೆ ಕೊಟ್ಟ ಗೊತ್ತೇ? ತುಂಪಾಲನ ದೋಣಿಗೆ!

ಮುಚ್ಚಳದ ಮೇಲೆ ನಿನ್ನ ದಪ್ಪ ಅಕ್ಷರ: "ಅಮ್ಮನಿಗೆ, ಪರೀಕ್ಷೆಯ ಮೀನು." ಸರೋವರ ದಾಟುವಷ್ಟು ಹೊತ್ತೂ ಅದು ಅವನ ಪಕ್ಕದಲ್ಲೇ ಘಮಘಮ ಎನ್ನುತ್ತಾ ಕೂತಿತ್ತು.

ನಿನ್ನೆ ಶನಿವಾರ ಮಧ್ಯಾಹ್ನ ನಾನು ಮೆಟ್ಟಿಲ ಮೇಲೆ ಕೂತು ಲೆಕ್ಕ ಮಾಡುತ್ತಿದ್ದೆ. ನೋಡಿದರೆ ಹೆಗಲ ಮೇಲೆ ಡಬ್ಬಿ ಹೊತ್ತು ಇವನು ಬರುತ್ತಿದ್ದಾನೆ, ಹಿಂದೆ ರಿಯಾಮಾ. ಎರಡು ವರ್ಷದ ಮೇಲೆ ನಮ್ಮ ಅಂಗಳಕ್ಕೆ ಕಾಲಿಟ್ಟವನು ನನ್ನ ಮುಖ ಕೂಡ ನೋಡದೆ ನೇರ ನಿಮ್ಮಪ್ಪನ ಮುಂದೆ ಹೋಗಿ ನಿಂತ.

"ಯಾರು ಕೊಟ್ಟಿದ್ದು ಈ ಮೀನು?"

"ಬಾ ತುಂಪಾಲ್, ಕೂತ್ಕೊ. ಕಾಫಿ ಕುಡಿ."

"ಕಾಫಿ ಬೇಡ! ನಾನಿನ್ನೂ ಬದುಕಿದ್ದೀನಿ. ನಾನಿರೋವಾಗ ನಮ್ಮಕ್ಕಂಗೆ ಇನ್ಯಾವನು ಮೀನು ಕೊಡ್ತಾನೆ? ಯಾವನವನು ಹೊಸ ತಮ್ಮ?"

"ನಿನ್ನ ಸೋದರ ಸೊಸೆ ಕಳ್ಸಿದ್ದು ಕಣಪ್ಪಾ. ತಿಳೀದೆ ಕಳ್ಸಿದಾಳೆ."

"ದೋಣಿಯೋರೆಲ್ಲಾ ಮೂಸಿ ನೋಡಿ ನನ್ನ ಕೇಳಿದ್ರು. ಏನ್ ತುಂಪಾಲ್, ಅಕ್ಕಂಗೆ ಮೀನಾ, ರಾಜಿ ಆಯ್ತಾ ಅಂತ. ನಾನೇನು ಹೇಳ್ಬೇಕು?"

"ಏನ್ ಹೇಳ್ದೆ?"

"ಹೂಂ ಅಂದೆ!" ಎಂದು ಕಿರುಚಿದ. "ಹೂಂ ಅಂದ್ಬಿಟ್ಟೆ! ಮೀನು ನನ್ನದಲ್ಲ, ಹೆಸರು ಮಾತ್ರ ನನ್ನದು!"

ಆಮೇಲೆ ಮುಚ್ಚಳ ತೆಗೆದು ಮೀನಿಗೆ ಬೈಯಲು ಶುರು ಮಾಡಿದ. "ಇದೂ ಒಂದು ಮೀನಾ! ಹುರುಪೆ ಕೆರೆದು ಹಾಕಿದಾರೆ! ಬಾಲ ಮುರಿದೈತೆ! ಜುಮ್ಮನಕಾಯಿ ಎಲ್ಲಿ? ಥೂ, ಕಾಳುಮೆಣಸು!"

ನಾನು ಅವನ ಕಡೆ ತಿರುಗಲಿಲ್ಲ. ರಿಯಾಮಾ ನನ್ನ ಪಕ್ಕ ಬಂದು ನಿಂತಿದ್ದಳು. ಎಷ್ಟು ಎತ್ತರವಾಗಿದ್ದಾಳೆ! ಐದನೇ ಕ್ಲಾಸಂತೆ. ಡಬ್ಬಿಯ ಮೇಲೆ ಏನು ಬರೆದಿದೆ ಎಂದು ಕೇಳಿದೆ. ತಲೆ ತಗ್ಗಿಸಿದಳು. ಎರಡು ವರ್ಷ ಪಾಸು ಮಾಡುತ್ತಾ ಹೋಗಿದ್ದಾರೆ, ಓದು ಮಾತ್ರ ಅಲ್ಲೇ ನಿಂತಿದೆ.

"ಹೋಗ್ಲಿ ಬಿಡು. ಅಲ್ಲೇನು ನಡೀತಿದೆ, ಅತ್ತೆಗೆ ಹೇಳು ನೋಡೋಣ" ಎಂದೆ.

ಅವಳು ನೋಡಿ, ಮೆಲ್ಲಗೆ ನಕ್ಕು, "ಅಪ್ಪ ಮೀನಿಗೆ ಬೈತಾ ಇದ್ದಾನೆ" ಎಂದಳು.

ಒಲೆಯಿಂದ ಇದ್ದಿಲು ತಂದು ಜಗಲಿಯ ಹಲಗೆಯ ಮೇಲೆ ಅವಳ ಮಾತನ್ನೇ ದೊಡ್ಡದಾಗಿ ಬರೆದೆ. ಒಂದೊಂದೇ ಪದದ ಕೆಳಗೆ ಅವಳ ಬೆರಳಿಡಿಸಿದೆ. ಎರಡು ಸಲ ತಡವರಿಸಿದಳು. ಮೂರನೇ ಸಲಕ್ಕೆ ಅವಳಿಗೇ ನಗು ತಡೆಯಲಾಗದೆ ಗಟ್ಟಿಯಾಗಿ ಓದಿದಳು: "ಅಪ್ಪ. ಮೀನಿಗೆ. ಬೈತಾ. ಇದ್ದಾನೆ!"

ತುಂಪಾಲ ಬೈಯುವುದನ್ನು ನಿಲ್ಲಿಸಿದ.

"ಏನಂದೆ?"

"ಓದ್ದೆ ಅಪ್ಪಾ."

ಅವನು ಬಂದು ಹಲಗೆ ನೋಡಿದ. ನನ್ನನ್ನು ನೋಡಿದ. "ಬಾಯಿಪಾಠ ಮಾಡ್ಸಿರ್ತೀಯ" ಎಂದ. ನಾನು ಡಬ್ಬಿಯ ಮುಚ್ಚಳ ತಂದು ರಿಯಾಮಾಳ ಮುಂದಿಟ್ಟೆ. ಅವಳ ಬೆರಳು ನಿನ್ನ ಅಕ್ಷರಗಳ ಮೇಲೆ ಹುಡುಕುತ್ತಾ ಹೋಗಿ ಒಂದು ಕಡೆ ನಿಂತಿತು. "ಮೀನು! ಇಲ್ಲೂ ಮೀನು ಅಂತಿದೆ!" ಎಂದಳು.

ಅವನು ಅವಳ ಕೈ ಹಿಡಿದುಕೊಂಡು ಹೊರಟುಹೋದ. ಟೋಪಿ ಇಲ್ಲೇ ಬಿಟ್ಟು ಹೋಗಿದ್ದಾನೆ. ಹಲಗೆಯ ಮೇಲಿನ ಅಕ್ಷರ ಒರೆಸಲು ನನಗೆ ಮನಸ್ಸು ಬಂದಿಲ್ಲ.

ಮೀನನ್ನು ನಾನು ಮುಟ್ಟಲಿಲ್ಲ. ನಿಮ್ಮಪ್ಪ ಮಾತ್ರ "ಮೀನಿಗೇನ್ ಗೊತ್ತು ಯಾರು ಯಾರಿಗೆ ಕೊಟ್ಟಿದ್ದು ಅಂತ" ಎನ್ನುತ್ತಾ ಇವತ್ತೂ ತಿನ್ನುತ್ತಿದ್ದಾರೆ. ರುಚಿ ಪರವಾಗಿಲ್ಲವಂತೆ.

ಸಿಟ್ಟಾಗಿರುವ (ಆದರೂ ನಗು ಬರುತ್ತಿರುವ),
ನಿನ್ನ ಅಮ್ಮ

* * *

ಮೆಡಾನ್
14 ಮೇ 2012

ಅಮ್ಮಾ, ತಪ್ಪಾಯಿತು, ತಪ್ಪಾಯಿತು, ತಪ್ಪಾಯಿತು!

ನಿನ್ನ ಪತ್ರ ಓದಿ ಮೊದಲು ಹೆದರಿದೆ, ಆಮೇಲೆ ಅತ್ತೆ, ಆಮೇಲೆ ಮನೆಯೊಡತಿಗೆ ಓದಿ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು: "ಟೋಪಿ ವಾಪಸ್ ಕೊಟ್ರಾ?"

ಈ ಭಾನುವಾರ ಪರೀಕ್ಷೆ. ಕನ್ನಡಕ ಮರೆಯಬೇಡ. ಪ್ರಶ್ನೆ ಅರ್ಥವಾಗದಿದ್ದರೆ ಎಷ್ಟು ದಾರಿಯಿದೆ ಎಂದು ಮೊದಲು ಎಣಿಸು. ನಾನು ಇನ್ನು ಮೀನಿನ ತಂಟೆಗೆ ಹೋಗುವುದಿಲ್ಲ, ನಿನ್ನಾಣೆ.

ಲಮ್ರಿಯಾ

* * *

ಹುತಾ ನಾಮೊರಾ
20 ಮೇ 2012

ಮಗಳೇ,

ಇದು ನಿನ್ನ ಅಪ್ಪ. ನನಗೆ ಕಾಗದ ಬರೆದು ಅಭ್ಯಾಸವಿಲ್ಲ. ಈರುಳ್ಳಿ ಮಾರುವವನು ನಾನು. ಆದರೆ ಇವತ್ತಿನ ಬೆಳಗ್ಗೆಯದನ್ನು ನಿಮ್ಮಮ್ಮ ನಿನಗೆ ನೆಟ್ಟಗೆ ಹೇಳುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹಿಂದಿನ ದಿನವೇ ಬಸ್ಸಿನಲ್ಲಿ ಹೋಗಬೇಕಾಗಿತ್ತು. ಗುಡ್ಡ ಕುಸಿದು ರಸ್ತೆ ಬಂದ್. ನಿಮ್ಮಮ್ಮ ಊಟವನ್ನೂ ಮಾಡಲಿಲ್ಲ. ತುಂಪಾಲನ ದೋಣಿಯೊಂದೇ ಗತಿ ಎಂದು ಇಬ್ಬರಿಗೂ ಗೊತ್ತು. ಬಾಯಿ ಬಿಟ್ಟು ಹೇಳಲು ನನಗೆ ಧೈರ್ಯವಿಲ್ಲ.

ಬೆಳಕು ಹರಿಯುವ ಮೊದಲೇ ನಮ್ಮ ದೋಣಿಕಟ್ಟೆಯ ಹತ್ತಿರ ಹಾರ್ನು. ಅವನು ಎಂದೂ ಇಲ್ಲಿಗೆ ದೋಣಿ ತರುವವನಲ್ಲ. ಬಿಟ್ಟೂ ಬಿಡದೆ ಹೊಡೆಯುತ್ತಿದ್ದಾನೆ. ಹೋಗಿ ನೋಡಿದರೆ ಇಡೀ ದೋಣಿ ಖಾಲಿ, ಇವನೊಬ್ಬನೇ.

ನಿಮ್ಮಮ್ಮ ಕಟ್ಟೆಯ ಮೇಲೆ ನಿಂತು ನನಗೆ ಹೇಳಿದಳು: "ಅವ್ನಿಗೆ ಹೇಳಿ, ರಸ್ತೆ ಸರಿಯಾಗೋವರ್ಗೂ ನಾನು ಕಾಯ್ತೀನಿ ಅಂತ."

ಅವನು ನನಗೆ ಹೇಳಿದ: "ಭಾವ, ಅಷ್ಟೊತ್ತಿಗೆ ಪರೀಕ್ಷೆ ಮುಗ್ದಿರುತ್ತೆ ಅಂತ ಹೇಳಿ."

ಇಬ್ಬರ ನಡುವೆ ಒಂದು ಮಾರು ಜಾಗ. ನಡುವೆ ನಾನು ಟಪ್ಪಾಲು.

"ಅವ್ನ ಮಗಳನ್ನ ಫೇಲ್ ಮಾಡಿದ್ದು ಸರಿ ಅಂತ ನಾನು ಇವತ್ತೂ ಹೇಳ್ತೀನಿ, ಅದನ್ನೂ ಹೇಳಿ."

ನಾನು ಬಾಯಿ ತೆರೆಯುವ ಮೊದಲೇ ಅವನು ದೋಣಿಯ ಹಲಗೆ ಕಟ್ಟೆಗೆ ಹಾಕಿದ. "ಹೊತ್ತಾಯ್ತು ಅಂತ ಹೇಳಿ ಭಾವ" ಎಂದ. ಧ್ವನಿ ಮೆತ್ತಗಿತ್ತು.

ನಿಮ್ಮಮ್ಮ ಚೀಲದಿಂದ ಅವನ ಟೋಪಿ ತೆಗೆದಳು. ಅದನ್ನು ಒಗೆದು ಇಟ್ಟಿದ್ದಳೆಂದು ನನಗೇ ಗೊತ್ತಿರಲಿಲ್ಲ. ಅವನ ಕೈಗೆ ಕೊಟ್ಟು ಹೋಗಿ ಹಿಂದಿನ ಬೆಂಚಿನಲ್ಲಿ ಕೂತಳು. ಪಕ್ಕದ ಕಟ್ಟೆಯಲ್ಲಿ ಯಾರೋ ದುರಿಯನ್ ಹಣ್ಣಿನ ಬುಟ್ಟಿ ಹಿಡಿದು ದೋಣಿ ನಿಲ್ಲಿಸಲು ಕೈ ಬೀಸಿದರು. ಇವನು, "ಇವತ್ತು ನಿಲ್ಲಲ್ಲ! ಟೀಚರ್ ಪರೀಕ್ಷೆಗೆ ಹೋಗ್ತಿದಾರೆ!" ಎಂದು ಕೂಗಿ ಹೋಗೇಬಿಟ್ಟ.

ಟೀಚರ್ ಎಂದ ಮಗಳೇ. ನಾನೇ ಕೇಳಿಸಿಕೊಂಡೆ. ಇಷ್ಟು ಬರೆಯುವಷ್ಟರಲ್ಲಿ ಕೈ ನೋಯುತ್ತಿದೆ.

ನಿನ್ನ ಅಪ್ಪ

* * *

ಹುತಾ ನಾಮೊರಾ
2 ಜುಲೈ 2012

ಲಮ್ರಿಯಾ, ಲಮ್ರಿಯಾ, ಲಮ್ರಿಯಾ!

ಪಾಸು!! ಅಜ್ಜನ ಸಮಾಧಿಯ ಹತ್ತಿರ ನಿನಗೆ ಫೋನಿನಲ್ಲಿ ಕೂಗಿದ್ದು ಸಾಲದೆ ಮತ್ತೆ ಬರೆಯುತ್ತಿದ್ದೇನೆ. ಗಣಿತದಲ್ಲಿ 'ಬಿ'. ನನ್ನ ಜನ್ಮದಲ್ಲಿ ಗಣಿತಕ್ಕೆ ಸಿಕ್ಕ ಮೊದಲ 'ಬಿ'. ಹೆಡ್‌ಮಾಸ್ತರರು ಈ ಸಲ ಮುಖ ನೋಡಿಯೇ ಹೇಳಿದರು, ಮೂರನೇ ಕ್ಲಾಸು ನಿಮ್ಮದೇ ಎಂದು. ಚರ್ಚಿನ ಹಿರಿಯರು ಭಾನುವಾರದ ಪ್ರಾರ್ಥನೆಯಲ್ಲಿ ನನ್ನ ಹೆಸರು ಹೇಳಿ ಕೃತಜ್ಞತೆ ಸಲ್ಲಿಸಿದರು. ದಾಳದ ಹೆಸರು ಹೇಳಲಿಲ್ಲ.

ಪರೀಕ್ಷೆ ಮುಗಿದ ಮರುವಾರದಿಂದ ಪ್ರತಿ ಶನಿವಾರ ರಿಯಾಮಾ ಬರುತ್ತಿದ್ದಾಳೆ. ಯಾರೂ ಕಳಿಸುತ್ತೇವೆ ಎನ್ನಲಿಲ್ಲ, ಯಾರೂ ಬಾ ಎನ್ನಲಿಲ್ಲ. ಒಂದು ಶನಿವಾರ ನೋಡಿದರೆ ಮೆಟ್ಟಿಲ ಮೇಲೆ ಕೂತಿದ್ದಾಳೆ. ಜಗಲಿಯ ಹಲಗೆ ತುಂಬಿಹೋಯಿತು, ಈಗ ಗೋಡೆಗೆ ಬಂದಿದ್ದೇವೆ. "ತಂಗಿ ಡಾಮೆ ನನ್ನ ಚಪ್ಪಲಿ ಸರೋವರಕ್ಕೆ ಎಸೆದಳು" ಎಂಬಷ್ಟು ದೊಡ್ಡ ಸಾಲು ಓದುತ್ತಾಳೆ. ಅವಳು ಓದುವಷ್ಟು ಹೊತ್ತೂ ತುಂಪಾಲ ನಮ್ಮ ಕಟ್ಟೆಯಲ್ಲಿ ದೋಣಿ ಕಟ್ಟಿಕೊಂಡು ಇಂಜಿನ್ ರಿಪೇರಿ ಮಾಡುತ್ತಿರುತ್ತಾನೆ. ಪ್ರತಿ ವಾರ ಕೆಡುವ ಇಂಜಿನ್ನನ್ನು ನಾನು ಈಗಲೇ ನೋಡಿದ್ದು.

ನನ್ನೊಡನೆ ಇನ್ನೂ ಮಾತಿಲ್ಲ. ಮೀನಿನ ಸುದ್ದಿ ಅವನೂ ಎತ್ತಿಲ್ಲ. ನೀನು ಹೋಗಿ ಕೇಳಿಬಿಡಬೇಡ ಮತ್ತೆ! ಕೇಳಿ ತರಿಸಿಕೊಂಡ ಮೀನು ಬರೀ ಊಟದ ಮೀನು. ಬೇಕೆಂದು ಆಸೆಯಿದೆ, ಸುಳ್ಳು ಹೇಳುವುದಿಲ್ಲ. ಡಿಗ್ರಿ ಕೈಗೆ ಬಂದರೂ ತವರಿನವರು ಹರಸದಿದ್ದರೆ ಅರ್ಧ ಹೊಟ್ಟೆಗೆ ಎದ್ದ ಹಾಗೆ.

'ಬಿ' ಪಡೆದ,
ಅಮ್ಮ

* * *

ಮೆಡಾನ್
29 ಅಕ್ಟೋಬರ್ 2012

ಅಮ್ಮಾ,

ಪದವಿ ಪ್ರದಾನಕ್ಕೆ ಎಲ್ಲ ತಯಾರಿ ಮಾಡಿದ್ದೇನೆ. ತುರುಬು ಕಟ್ಟುವವಳಿಗೆ ಬೆಳಗಿನ ಜಾವಕ್ಕೇ ಹೇಳಿದ್ದೇನೆ. ತಲೆಗೂದಲನ್ನು ಗೋಪುರ ಮಾಡುತ್ತಾಳೆ, ಬೇಡವೆನ್ನಬೇಡ. ಅಪ್ಪನಿಗೆ ಬೂಟು ನಾನು ಕೊಡಿಸುತ್ತೇನೆ, ಆ ರಬ್ಬರ್ ಚಪ್ಪಲಿಯಲ್ಲಿ ಬಂದರೆ ನಾನು ಮಾತಾಡಿಸುವುದಿಲ್ಲ.

ಆದರೆ ಅದಾದ ಮೇಲೆ ಊರಿನವರಿಗೆಲ್ಲ ಹಾಕಿಸುವ ಊಟದ ದಿನಕ್ಕೆ ನನಗೆ ರಜೆ ಇಲ್ಲವಂತೆ. ಎಷ್ಟು ಕೇಳಿದರೂ ಯಜಮಾನರು ಒಪ್ಪಲಿಲ್ಲ. ಅಂಗಡಿಯ ಹಿಂದೆ ಹೋಗಿ ಅತ್ತು ಬಂದೆ. ಅವತ್ತು ಏನೇನಾಯಿತೆಂದು ಒಂದೂ ಬಿಡದೆ ಬರೆಯಬೇಕು. ಮಾವ ಬಂದರೂ ಬರೆ, ಬರದಿದ್ದರೂ ಬರೆ.

ನಿನ್ನ ಲಮ್ರಿಯಾ

* * *

ಹುತಾ ನಾಮೊರಾ
25 ನವೆಂಬರ್ 2012

ನನ್ನ ತಾಯೀ, ಹೊರಾಸ್, ಹೊರಾಸ್, ಹೊರಾಸ್!

ಮೆಡಾನಿನದು ನೀನೇ ನೋಡಿದ್ದೀಯ. ನಿನ್ನ ಆ ಗೋಪುರ ಊರು ಸೇರುವವರೆಗೂ ಅಲುಗಾಡಲಿಲ್ಲ. ಬಸ್ಸಿನಲ್ಲಿ ನೆಟ್ಟಗೆ ಕೂತು ನಿದ್ದೆ ಮಾಡಿದೆ. ನಿಮ್ಮಪ್ಪ ಬೂಟನ್ನು ಕೈಯಲ್ಲಿ ಹಿಡಿದುಕೊಂಡು ಬಂದರು.

ನಿನ್ನೆ ಊಟ. ಒಂದೂ ಬಿಡದೆ ಬರೆ ಎಂದಿದ್ದೀಯ, ಕೇಳು. ಹಂದಿ ಕಡಿದಾಗಿತ್ತು, ಅನ್ನ ಬೆಂದಿತ್ತು. ನಿಮ್ಮಪ್ಪನ ಕಡೆಯವರು, ಶಾಲೆಯವರು, ಚರ್ಚಿನವರು ಎಲ್ಲ ಚಾಪೆಯ ಮೇಲೆ ಕೂತಿದ್ದರು. ನನ್ನೆದುರು ಒಂದು ಚಾಪೆ ಮಾತ್ರ ಖಾಲಿ. ತವರಿನವರದು. ಯಾರೂ ಆ ಕಡೆ ನೋಡುತ್ತಿರಲಿಲ್ಲ, ಅಂದರೆ ಎಲ್ಲರೂ ಅದನ್ನೇ ನೋಡುತ್ತಿದ್ದರು. ಹೊತ್ತು ಮೀರಿತು. ಮಕ್ಕಳು ಹಸಿವಿಗೆ ರಾಗ ತೆಗೆದರು. ನಾನು ನಗುನಗುತ್ತಾ, "ಬಡಿಸಿ, ಇನ್ನೇನು" ಎಂದೆ.

ಆಗ ಹಾರ್ನು ಕೇಳಿಸಿತು ನೋಡು!

ನಿಮ್ಮಪ್ಪ ಹೊಸ ಬೂಟಿನಲ್ಲೇ ಕಟ್ಟೆಗೆ ಓಡಿದರು. ಮುಂದೆ ತುಂಪಾಲ, ಅವನ ಹಿಂದೆ ಹೆಂಡತಿ. ಅವಳ ತಲೆಯ ಮೇಲೆ ದೊಡ್ಡ ತಟ್ಟೆ. ಅದರ ಹಿಂದೆ ರಿಯಾಮಾ, ಪುಟ್ಟ ಡಾಮೆ. ನನ್ನೆದುರು ತಟ್ಟೆ ಇಟ್ಟರು. ಅನ್ನದ ಹಾಸಿಗೆಯ ಮೇಲೆ ಮೂರು ಹಳದಿ ಮೀನು, ಹುರುಪೆ ಸಮೇತ, ಬಾಲ ಸಮೇತ, ಮೂರರ ತಲೆಯೂ ನನ್ನ ಕಡೆಗೆ. ಜುಮ್ಮನಕಾಯಿಯ ವಾಸನೆ ಮೂಗಿಗೆ ಬಡಿದಾಗ ನಮ್ಮಮ್ಮನ ಒಲೆಯ ಮುಂದೆ ಕೂತ ಹಾಗಾಯಿತು.

"ತಡವಾಯ್ತು" ಎಂದ, ನಿಮ್ಮಪ್ಪನಿಗಲ್ಲ, ನನಗೆ. "ಎಲ್ಲಾ ಸಣ್ಣಸಣ್ಣ ಮೀನೇ ಬೀಳ್ತಿದ್ವು. ಸರೋವರವೆಲ್ಲಾ ಸುತ್ತಿದೆ."

ತವರಿನವರು ಹರಸಿ ಕೊಡುವ ನೇಯ್ದ ಬಟ್ಟೆಯನ್ನು ನನ್ನ ಹೆಗಲಿಗೆ ಹೊದೆಸಿದ. ಈಗ ಹರಸುವ ಮಾತು ಉದ್ದಕ್ಕೆ ಹೇಳಬೇಕು. ಅವನು ಬಾಯಿ ತೆರೆದ, ಮುಚ್ಚಿದ. ಇಡೀ ಸರೋವರಕ್ಕೆ ಕೇಳುವಂತೆ ಕೂಗುವವನಿಗೆ ಧ್ವನಿಯೇ ಹೊರಡಲಿಲ್ಲ. ಕೊನೆಗೆ ಇಷ್ಟು ಹೇಳಿದ:

"ಅಕ್ಕಾ, ಮೊದ್ಲು ನೀನು ಪಾಸಾಗಿ ಬಾ ಅಂದಿದ್ದೆ. ಬಂದೆ. ಜನವರಿಯಿಂದ ರಿಯಾಮಾ ನಿನ್ನ ಶಾಲೆಗೇ ಬರ್ತಾಳೆ. ಚಿಕ್ಕವಳೂ ಬರ್ತಾಳೆ. ಓದೋಕೆ ಬರ್ದಿದ್ರೆ..." ಎಂದು ರಿಯಾಮಾಳ ಕಡೆ ನೋಡಿದ. "ಬರ್ದಿದ್ರೆ ಪಾಸ್ ಮಾಡ್ಬೇಡ. ಯಾರು ಬಂದು ಕೂಗಾಡಿದ್ರೂ ಮಾಡ್ಬೇಡ. ನಾನೇ ಬಂದ್ರೂ ಮಾಡ್ಬೇಡ."

ನಾನು ಅತ್ತುಬಿಟ್ಟೆ ಲಮ್ರಿಯಾ. ಊರೆಲ್ಲ ನೋಡುತ್ತಿದ್ದರೂ ಅತ್ತುಬಿಟ್ಟೆ. ತವರಿನವರಿಗೆ ತಲೆಬಾಗಬೇಕಲ್ಲ, ಬಾಗಿದೆ. ಬಾಗಿದವಳು ಹಾಗೇ ಸೆರಗಿನಿಂದ ಅವನ ಮೂಗನ್ನೂ ಒರೆಸಿದೆ, ಯಾಕೆಂದರೆ ಅವನೂ ಅಳುತ್ತಿದ್ದ. ಎಲ್ಲರೂ ನಕ್ಕರು. ಮೊದಲು ನಕ್ಕವರು ಚರ್ಚಿನ ಹಿರಿಯರು.

ಮೀನಿನ ತಲೆ ನಾನು ತಿಂದೆ. ಮುಳ್ಳನ್ನೂ ಬಿಡಲಿಲ್ಲ.

ರಿಯಾಮಾ ನಿನ್ನೆ ರಾತ್ರಿ ಇಲ್ಲೇ ಉಳಿದಳು. ಈಗ ನನ್ನ ಪಕ್ಕ ಕೂತು ನಿನಗೆ ತಾನೂ ಒಂದು ಸಾಲು ಬರೆಯುತ್ತೇನೆಂದು ಪೆನ್ನು ಎಳೆಯುತ್ತಿದ್ದಾಳೆ. ನಾನು ಹೇಳಿಕೊಡುವುದಿಲ್ಲ, ಅವಳ ಮಾತು ಅವಳೇ ಬರೆಯಲಿ. ಮೊದಲು ನನ್ನ ಸಹಿ ಹಾಕಿಬಿಡುತ್ತೇನೆ. ಇಷ್ಟು ದಿನ ಕಾದಿದ್ದು ಹೆಸರಿನ ಕೊನೆಗೆ ಈ ಪದವಿಯ ಅಕ್ಷರ ಸೇರಿಸಿ ಬರೆಯುವುದಕ್ಕೇ.

ನಿನ್ನ ಅಮ್ಮ,
ಸೌಲಿನಾ ಸಿಮರ್ಮಾತಾ, ಎಸ್. ಪಿಡಿ.

(ಇನ್ನೊಂದು ಸಲ ಬರೆಯುತ್ತೇನೆ, ಖುಷಿಯಾಗುತ್ತದೆ: ಸೌಲಿನಾ ಸಿಮರ್ಮಾತಾ, ಎಸ್. ಪಿಡಿ.)

ಲಮ್ರಿಯಾ ಅಕ್ಕಾ
ನಿನ್ನೆ ಅಪ್ಪ ಮೀನಿಗೆ ಬೈಯಲಿಲ್ಲ.
ರಿಯಾಮಾ